ಅಕ್ಕನ ಕೈಯ ಬನ್ನಿ

ಬನಹಟ್ಟಿಯಲ್ಲಿ ಆಕೆ ನಮ್ಮ ಪಕ್ಕದ ಮನೆಯವಳು, ಓಣಿಗೆಲ್ಲ ಅಕ್ಕ. ದಿನವೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಸುಮ್ಮನೆ ಕೂತಾಗಲೂ ಆಕೆಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಹರಿದ ಎಳೆ ಕೂಡಿಸುವವರ ಹಾಗೆ.

ಇಬ್ಬರು ತಮ್ಮಂದಿರು. ದೊಡ್ಡವನದು ಎದುರು ಮನೆ. ಸಣ್ಣವನು ಮಗ್ಗ ಮಾರಿ ಇಚಲಕರಂಜಿಗೆ ಹೋಗಿದ್ದ. ದೊಡ್ಡವನು ವಾರ್ಡಿನ ಚುನಾವಣೆಗೆ ನಿಂತಾಗ ಸಣ್ಣವನು ಅಲ್ಲಿಂದ ಬಂದು, ಎದುರು ಪಾರ್ಟಿಯ ಬಾವುಟ ಹಿಡಿದು ಇದೇ ಓಣಿಯಲ್ಲಿ ತಿರುಗಿದ. ದೊಡ್ಡವನು ಸೋತ. ಇಬ್ಬರ ನಡುವೆ ಮಾತು ನಿಂತಿತು.

ದಸರೆಗೆ ಸಣ್ಣವನು ಅಕ್ಕನ ಮನೆಯಲ್ಲೇ ಇಳಿಯುತ್ತಿದ್ದ. ಸಂಜೆ ಊರಿಗೆ ಊರೇ ಬನ್ನಿ ಎಲೆ ಕೊಟ್ಟು "ಬಂಗಾರದಾಂಗ ಇರೋಣು" ಅನ್ನುವಾಗ ಇವರಿಬ್ಬರೂ ಹೊರಗೇ ಬರುತ್ತಿರಲಿಲ್ಲ. ಅಕ್ಕನೇ ಬನ್ನಿ ಹಿಡಿದು ಓಡಾಡುತ್ತಿದ್ದಳು. ಅಲ್ಲಿ "ತಮ್ಮ ಕೊಟ್ಟಾನ", ಇಲ್ಲಿ "ಅಣ್ಣ ಕೊಟ್ಟಾನ". ಮುಖ ತಿರುಗಿಸಿದರೆ, "ಮಾತು ಬ್ಯಾಡಾದ್ರ ಬ್ಯಾಡ, ಬನ್ನಿ ತಗೊಳ್ಳೋ!"

"ಯಾಕ ಸುಳ್ಳು ಹೇಳ್ತೀರಿ ಅಕ್ಕಾರ?" ಎಂದು ಒಮ್ಮೆ ಕೇಳಿದೆ.

"ಅವರಿಗೂ ಗೊತ್ತೈತಿ ಬೇ. ಗೊತ್ತಿದ್ದೂ ಕಣ್ಣಿಗೆ ಒತ್ಕೋತಾರಲ್ಲ!"

ಆಕೆ ತೀರಿಕೊಂಡ ವರ್ಷವೂ ಸಣ್ಣವನು ದಸರೆಗೆ ಬಂದ. ಅಕ್ಕನ ಮನೆಯ ಬೀಗ ತೆಗೆದು ಒಬ್ಬನೇ ಕೂತ. ಸಂಜೆ ದೊಡ್ಡವನು ಆ ಬಾಗಿಲ ತನಕ ಬಂದು, ಹೊರಳಿ ನಮ್ಮ ಕಟ್ಟೆ ಹತ್ತಿದ. ನನ್ನ ಕೈಗೆ ಬನ್ನಿ ಇಟ್ಟ.

"ಇದನ್ನ ನಮ್ಮ ತಮ್ಮಗ ಮುಟ್ಟಸ್ರಿ."

"ಯಾರು ಕೊಟ್ರು ಅಂತ ಹೇಳ್ಲಿರಿ?"

ಆತ ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

"ಅಕ್ಕ ಕೊಟ್ಟಾಳ ಅನ್ರಿ."