ಪ್ರೆಸಿಯ ಎಡ ಮೊಣಕಾಲು

ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಒಂದು ಬಾಸ್ಕೆಟ್‌ಬಾಲ್ ಇತ್ತು. ಅದು ನೆಲಕ್ಕೆ ಬಡಿದ ಸದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಟಿವಿ ನೋಡುವಾಗ ನಮ್ಮ ಜೊತೆಗಿದ್ದ ಪ್ರೆಸಿಲ್ಲಾ ಅದನ್ನು ಸೊಂಟದ ಸುತ್ತ ತಿರುಗಿಸುತ್ತಿದ್ದಳು. ಊರಿನ ಅಮ್ಮನೊಡನೆ ಫೋನಿನಲ್ಲಿ ಕೊಂಕಣಿ ಮಾತಾಡುತ್ತಾ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದಳು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಹಳೆಯ ಕಟ್ಟಡದಲ್ಲಿ ಕೆಳಗಿನ ಫ್ಲಾಟಿನವರು ಕೆಮ್ಮಿದರೂ ಮೇಲೆ ಕೇಳುತ್ತದೆ. ಅವರಿಗೆ ತೊಂದರೆಯಾಗಬಾರದೆಂದು ಅವಳೇ ಮಾಡಿಕೊಂಡಿದ್ದ ನಿಯಮ ಅದು.

ಇಲ್ಲಿನ ಎಷ್ಟೋ ಸಂಸಾರಗಳಂತೆ ನಾವೂ ಎರಡು ಕೋಣೆಗಳಲ್ಲಿ ಒಂದನ್ನು ಬಾಡಿಗೆ ಹಂಚಿಕೊಳ್ಳುವ ಶೇರಿಂಗಿಗೆ ಕೊಟ್ಟಿದ್ದೆವು. ಊರ ಕಡೆಯ ಒಬ್ಬ ಹೆಂಗಸು ಸಿಕ್ಕರೆ ಸಾಕು ಎಂದು ಹೇಳಿಟ್ಟಿದ್ದೆ. ಬಾಗಿಲು ತೆರೆದಾಗ ನನಗೆ ಮೊದಲು ಕಂಡದ್ದು ಪ್ರೆಸಿಲ್ಲಾಳ ಗಲ್ಲ. ಆರಡಿ ಹುಡುಗಿ, ಕಿನ್ನಿಗೋಳಿ ಕಡೆಯವಳು. ನಮ್ಮ ಮನೆಮಾತು ತುಳು, ಅವಳದು ಕೊಂಕಣಿ. ಹಾಗಾಗಿ ಇಬ್ಬರ ನಡುವೆ ಕನ್ನಡ ಓಡಿತು. ಜಗಳಕ್ಕೆ ಮಾತ್ರ ತುಳುವೇ ಬೇಕಾಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅವಳು ನನಗೆ ಪ್ರೆಸಿ, ನಾನು ಅವಳಿಗೆ ಅಕ್ಕ.

ಬಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದುಕೊಳ್ಳುವ ಹೆಂಗಸರಿದ್ದಾರೆ ಎಂಬುದು ನನಗೆ ಗೊತ್ತಾದದ್ದೇ ಅವಳಿಂದ. ಊರಿನಲ್ಲಿ ಕ್ರೀಡಾ ಕೋಟಾದಲ್ಲಿ ಸಿಕ್ಕಿದ್ದ ಸರ್ಕಾರಿ ಗುಮಾಸ್ತಿಕೆ ಇತ್ತು. ಅಲ್ಲಿ ವರ್ಷಕ್ಕೆ ನಾಲ್ಕು ಪಂದ್ಯ, ಉಳಿದಂತೆ ಫೈಲು. ಅದನ್ನು ಬಿಟ್ಟು ಪೂರ್ವದ ದೇಶವೊಂದರಲ್ಲಿ ಎರಡು ಸೀಸನ್ ಆಡಿ, ಮತ್ತೆ ಇಲ್ಲಿಗೆ ಬಂದಿದ್ದಳು. ಆಟದ ಹುಚ್ಚಿದ್ದ ಕಂಪನಿ ಮಾಲೀಕನೊಬ್ಬ ಹೆಂಗಸರ ತಂಡ ಕಟ್ಟಿದ್ದ. ಅವಳ ವೀಸಾದಲ್ಲಿ ಇದ್ದದ್ದು ಮಾತ್ರ ಸೇಲ್ಸ್ ಕೋಆರ್ಡಿನೇಟರ್ ಎಂದು. ನೀನು ಏನನ್ನು ಮಾರುತ್ತೀ ಎಂದು ನಾನು ಚುಡಾಯಿಸಿದರೆ, ತನ್ನ ಎರಡು ಕಾಲು ತೋರಿಸುತ್ತಿದ್ದಳು.

ಮದುವೆಯ ಮಾತು ಬಂದರೆ ನಗಿಸಿಯೇ ಬಿಡುತ್ತಿದ್ದಳು. ಗಂಡಿನವರು ಬಂದಾಗಲೆಲ್ಲ ಅವಳಮ್ಮನ ಅಪ್ಪಣೆ ಒಂದೇ: ಚಹಾವನ್ನು ಕೂತಲ್ಲಿಂದಲೇ ಕೊಡು, ಏಳಬೇಡ. ಒಬ್ಬ ಹುಡುಗ ಒಪ್ಪಿಕೊಂಡೂ ಬಿಟ್ಟಿದ್ದನಂತೆ. ಅವನನ್ನು ಬೀಳ್ಕೊಡಲು ಇವಳು ಎದ್ದು ನಿಂತಳು, ಅಲ್ಲಿಗೆ ಸಂಬಂಧ ಮುಗಿಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಆಮೇಲೆ ಅವಳು ಚೆಂಡನ್ನೆತ್ತಿ ಸೊಂಟದ ಸುತ್ತ ತಿರುಗಿಸತೊಡಗಿದಳು.

ಅವಳಿಗೆ ಮೂವತ್ತೆರಡು ದಾಟಿದ ಆ ವರ್ಷ ಕಾಂಟ್ರಾಕ್ಟ್ ಮುಗಿಯುವುದಿತ್ತು. ಅದು ಮುಂದುವರಿಯಬೇಕಾದರೆ ಆರು ವಾರದ ನಂತರ ದುಬೈಯಲ್ಲಿ ಮಾಲೀಕನ ಕಣ್ಣೆದುರು ಒಂದು ಪಂದ್ಯ ಆಡಿ ತೋರಿಸಬೇಕಿತ್ತು. ಆಡದಿದ್ದರೆ ವೀಸಾವೂ ಇಲ್ಲ, ಆಟವೂ ಇಲ್ಲ. ಈ ವಯಸ್ಸಿನಲ್ಲಿ ಬೇರೆ ತಂಡ ಯಾವುದೂ ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದೇ ವಾರ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಅಭ್ಯಾಸ ಮಾಡುವಾಗ ಹಾರಿ ಇಳಿದವಳ ಎಡ ಮೊಣಕಾಲು ಒಳಮುಖವಾಗಿ ತಿರುಚಿತು. ಮನೆಗೆ ಬಂದಾಗ ಅದು ಚಕ್ಕೋತದಷ್ಟು ದಪ್ಪಗಾಗಿತ್ತು.

ಡಾಕ್ಟರಿಗೆ ತೋರಿಸೋಣ ಎಂದೆ. ಕಂಪನಿಯ ಇನ್ಶೂರೆನ್ಸಿನಲ್ಲಿ ಸ್ಕ್ಯಾನ್ ಮಾಡಿಸಿದರೆ ವಿಷಯ ಮಾಲೀಕನ ಕಿವಿಗೆ ಬೀಳುತ್ತದೆ ಎಂಬ ಭಯ ಅವಳಿಗೆ. ಯಾರಿಗೂ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಳು. ಅಲ್ಲಿ ನಾನು ಗಟ್ಟಿಯಾಗಿ ನಿಂತು ಅವಳನ್ನು ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಹತ್ತಿರ ಎಣ್ಣೆ ಇತ್ತು.

ಊರಿಗೆ ಹೋದಾಗಲೆಲ್ಲ ಕುಚ್ಚಲಕ್ಕಿ, ಉಪ್ಪಿನಕಾಯಿಯ ಜೊತೆಗೆ ಎಲುಬು ವೈದ್ಯರ ಕಪ್ಪೆಣ್ಣೆಯ ಬಾಟಲಿಯೊಂದನ್ನು ಮೂರು ಪ್ಲಾಸ್ಟಿಕ್ ಸುತ್ತಿ ತರುವುದು ನಮ್ಮ ಪದ್ಧತಿ. ನನ್ನ ಮಾವನ ಮುರಿದ ಕೈ ಕೂಡಿದ್ದು ಅದರಿಂದಲೇ. ವೈದ್ಯರು ಬಿಸಿ ಎಣ್ಣೆ ಹಾಕಿ ತಿಕ್ಕಿ, ಕೊನೆಗೆ ಕೀಲನ್ನು ಒಮ್ಮೆ ಬಲವಾಗಿ ಮಡಿಸುವುದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ನನ್ನ ವಿದ್ಯೆ ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು.

ಆಫೀಸಿನಿಂದ ಬಂದು ಮುಖ ತೊಳೆದು ಕೂತರೆ ಅವಳು ಸೋಫಾದ ಮೇಲೆ ಕಾಲು ಚಾಚಿ ನನ್ನ ಮಡಿಲಲ್ಲಿಡುತ್ತಿದ್ದಳು. ನಾನು ತಿಕ್ಕುತ್ತಿದ್ದೆ, ಮಡಿಸುತ್ತಿದ್ದೆ. ನೋಯ್ತದಾ ಎಂದು ಪ್ರತಿದಿನ ಕೇಳುತ್ತಿದ್ದೆ. ಇಲ್ಲ ಅಕ್ಕ ಎನ್ನುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಕೈಯಲ್ಲಿ ಚೆಂಡು ಇರುತ್ತಿರಲಿಲ್ಲ. ಎರಡು ವಾರಕ್ಕೆ ಬಾವು ಇಳಿಯಿತು, ನಾನು ಉಬ್ಬಿದೆ. ನಾಲ್ಕನೆಯ ವಾರ ಅವಳು ಓಡತೊಡಗಿದಳು. ಎಣ್ಣೆಯ ಮಹಿಮೆಯನ್ನು ಊರಿಗೆಲ್ಲ ಫೋನು ಮಾಡಿ ಹೇಳಿದೆ.

ದುಬೈಯ ಪಂದ್ಯಕ್ಕೆ ರಜೆ ಹಾಕಿ ನಾನೂ ಹೋಗಿದ್ದೆ. ಅವಳು ಆಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಮನೆಯಲ್ಲಿ ಬಾಗಿಲಿಗೆ, ದೀಪಕ್ಕೆ, ಎಲ್ಲಕ್ಕೂ ತಲೆ ತಗ್ಗಿಸುತ್ತಿದ್ದ ಹುಡುಗಿ ಅಲ್ಲಿ ಬೇರೆಯೇ ಆಗಿದ್ದಳು. ಬೆನ್ನು ನೆಟ್ಟಗೆ, ಗಂಟಲು ದೊಡ್ಡದು, ಜೊತೆಯವರನ್ನು ಬೈಯುತ್ತಾ, ಯಲ್ಲಾ ಯಲ್ಲಾ ಎಂದು ಅರಬಿಯಲ್ಲಿ ಅವಸರಿಸಿ ಓಡಿಸುತ್ತಾ ಆಡಿದಳು. ಇಷ್ಟು ಚಂದದ ಜೀವ ನಮ್ಮ ಮನೆಯ ಕೋಣೆಯಲ್ಲಿ ಮಡಚಿಕೊಂಡು ಮಲಗುತ್ತದಲ್ಲ ಎಂದು ನನಗೆ ಹೆಮ್ಮೆಯೂ ಸಂಕಟವೂ ಆಯಿತು. ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಅವಳು ಹಾರಿ ಚೆಂಡು ಹಾಕಿದಳು. ಚೆಂಡು ಬಲೆಯೊಳಗೆ ಬಿತ್ತು. ಕೆಳಗಿಳಿದವಳು ಏಳಲಿಲ್ಲ. ಕೂಗಲೂ ಇಲ್ಲ, ನೆಲಕ್ಕೆ ಮುಖ ಒತ್ತಿಕೊಂಡು ಬಿದ್ದಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನನ್ನು ಎರಡೆರಡು ಸಲ ನೋಡಿದರು. ಮೊದಲು ಹರಿದದ್ದು ಲಿಗಮೆಂಟ್ ಒಂದೇ ಇರಬೇಕು, ಆಗಲೇ ಬಂದಿದ್ದರೆ ಆಪರೇಶನ್ ಮಾಡಿ ಒಂದು ವರ್ಷಕ್ಕೆ ಮತ್ತೆ ಆಡಿಸಬಹುದಿತ್ತು ಎಂದರು. ಅದರ ಮೇಲೆ ಓಡಿ, ಮಡಿಸಿ, ಒಳಗಿನ ಮೆತ್ತೆಯೂ ಚೂರಾಗಿದೆ. ಇನ್ನು ಆಪರೇಶನ್ ಏನಿದ್ದರೂ ನಡೆಯುವುದಕ್ಕೆ, ಆಡುವುದಕ್ಕಲ್ಲ. ಕೊನೆಗೆ ಮೊಣಕಾಲಿಗೆ ಹತ್ತಿದ್ದ ಎಣ್ಣೆಯ ಕಪ್ಪು ಕಂಡು ಸಿಟ್ಟಿನಲ್ಲಿ, ಇದನ್ನು ತಿಕ್ಕಿ ಮಡಿಸಿದವರು ಯಾರು ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

“ನಾನೇ,” ಎಂದಳು ಪ್ರೆಸಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕಂಪನಿಯಿಂದ ಎರಡು ಸಾಲಿನ ಮೆಸೇಜು ಬಂತು. ವೀಸಾ ಕ್ಯಾನ್ಸಲ್. ಅದನ್ನು ಓದಿ ಖಲಾಸ್ ಅಕ್ಕ ಎಂದು ಫೋನು ಕೆಳಗಿಟ್ಟು, ಅಂದು ಗಂಜಿ ಊಟ ಮಾಡಿ ಬೇಗ ಮಲಗಿದಳು. ಅವಳು ಅತ್ತಿದ್ದರೆ ಸಮಾಧಾನ ಮಾಡುವ ನೆವದಲ್ಲಾದರೂ ನಾನು ಕ್ಷಮೆ ಕೇಳುತ್ತಿದ್ದೆನೋ ಏನೋ. ಮುಂದಿನ ದಿನಗಳಲ್ಲಿ ನಾವಿಬ್ಬರೂ ಸಾಮಾನು ಕಟ್ಟುವುದರ ಬಗ್ಗೆ ಮಾತ್ರ ಮಾತಾಡಿದೆವು.

ಅಬುಧಾಬಿಯ ಏರ್‌ಪೋರ್ಟಿನಲ್ಲಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ಒಳಗೆ ಕರೆದೊಯ್ಯುವವನು ಪಾಸ್‌ಪೋರ್ಟ್ ಹಿಡಿದು ಕೌಂಟರಿಗೆ ಹೋಗಿದ್ದಾಗ ನಾನು ಅವಳ ಪಕ್ಕ ಕೂತು, ನಿನ್ನ ಕಾಲು ಹಾಳು ಮಾಡಿದ್ದು ನಾನು ಪ್ರೆಸಿ ಎಂದೆ. ಆಸ್ಪತ್ರೆಯ ದಿನದಿಂದ ಹೇಳದೆ ಉಳಿದಿದ್ದ ಮಾತು. ಅವಳು ನನ್ನ ಕೈ ಎತ್ತಿ ತನ್ನ ಅಂಗೈಯೊಳಗೆ ಇಟ್ಟುಕೊಂಡಳು.

“ಹಾಗೆಲ್ಲ ಹೇಳ್ಬೇಡಿ ಅಕ್ಕ. ಹದಿನಾಲ್ಕು ವರ್ಷದಿಂದ ಈ ಕಾಲು ಮುಟ್ಟಿದವರೆಲ್ಲ ಯಾವಾಗ ಆಡ್ತಿ ಅಂತ ಕೇಳಿದ್ದು. ನೋಯ್ತದಾ ಅಂತ ಕೇಳಿದ್ದು ನೀವೊಬ್ರೇ.”

“ಮತ್ತೆ ನೋವಿತ್ತಾ?”

“ಇತ್ತು. ತುಂಬಾ ಇತ್ತು,” ಎಂದಳು. “ಹೌದು ಅಂದ್ರೆ ನೀವು ತಿಕ್ಕೋದನ್ನೂ ಕೇಳೋದನ್ನೂ ನಿಲ್ಲಿಸ್ತಿದ್ರಿ ಅಲ್ವಾ?”

ಅಷ್ಟರಲ್ಲಿ ಅವನು ಪಾಸ್‌ಪೋರ್ಟ್ ತಂದು ಕುರ್ಚಿ ತಿರುಗಿಸಿದ. ನಾನು ಅವಳ ಎಡ ಮೊಣಕಾಲಿನ ಮೇಲೆ ಒಮ್ಮೆ ಕೈಯಿಟ್ಟು, ತೆಗೆದೆ.