ಮನೆಯ ಮನುಷ್ಯ

ಚಾಚಾರಿಗೆ ಹುಬ್ಬುಗಳೇ ಇರಲಿಲ್ಲ. ಗಂಗಾವತಿಯ ನಮ್ಮ ರೈಸ್ ಮಿಲ್ಲಿನ ಬಾಯ್ಲರಿಗೆ ಭತ್ತದ ಹೊಟ್ಟು ತುಂಬಿ ತುಂಬಿ, ಝಳಕ್ಕೆ ಸುಟ್ಟುಹೋಗಿದ್ದವು. ಹಾಗಾಗಿ ಅವರ ಮುಖ ಸದಾ ಏನೋ ಬೆರಗಿನ ಸುದ್ದಿ ಕೇಳಿದಂತೆ ಕಾಣುತ್ತಿತ್ತು. ಅವರು ಬೈದರೂ ನಮಗೆ ನಗು ಬರುತ್ತಿತ್ತು.

ನಾನು ಪಿಯುಸಿ ಮುಗಿಸಿ ಮಿಲ್ಲಿನ ತೂಕದ ಕೋಣೆಗೆ ಸೇರಿದಾಗ, ‘ಹಾಜರಿಯಾಗ ಹೆಸರು ಹಚ್ಯಾರೇನು?’ ಎಂದು ಮೊದಲು ಕೇಳಿದವರು ಅವರೇ. ಇಲ್ಲವೆಂದೆ. ಸೀದಾ ಸಾಹುಕಾರರ ಮುಂದೆ ಕರೆದೊಯ್ದು, ‘ಹೆಣ್ಣುಹುಡುಗಿ ಐತಿ ಮಾಲಕ್, ಪಿಎಫ್ ಹಿಡೀರಿ’ ಎಂದು ಹಟ ಹಿಡಿದು ಬರೆಸಿದರು. ಇಂದಿಗೂ ನನ್ನ ಮನೆ ನಡೆಯುತ್ತಿರುವುದು ಆ ಹಟದಿಂದ. ‘ಮತ್ತ ನಿಮ್ಮ ಹೆಸರು?’ ಎಂದರೆ ಕೈ ಬೀಸಿದರು.

‘ನಂದ್ಯಾಕ ಬೇಟಿ? ನಾ ಮನಿ ಮನುಷ್ಯಾ.’

ಸಾಹುಕಾರರೂ ಹಾಗೇ ಹೇಳುತ್ತಿದ್ದರೆನ್ನಿ. ಮಗಳ ಮದುವೆಯಲ್ಲಿ ಚಾಚಾರಿಗೆ ಹೊಸ ಅಂಗಿ ಹೊಲಿಸಿ, ಬೀಗರಿಗೆ ಪನ್ನೀರು ಚಿಮುಕಿಸಲು ಬಾಗಿಲಲ್ಲಿ ನಿಲ್ಲಿಸಿದ್ದರು. ಆ ಕಥೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು.

ಆಮೇಲೆ ಸಾಹುಕಾರರ ಮಗ, ತಾನೇ ಹೊಟ್ಟು ಎಳೆದುಕೊಳ್ಳುವ ಹೊಸ ಬಾಯ್ಲರ್ ತಂದ. ‘ಚಾಚಾ, ನಾಳಿಂದ ಮನ್ಯಾಗ ಆರಾಮ ಇರ್ರಿ’ ಎಂದ. ಅಷ್ಟೇ. ನೋಟಿಸಿಲ್ಲ, ಗ್ರಾಚ್ಯುಟಿಯಿಲ್ಲ. ಹಾಜರಿಯಲ್ಲಿ ಹೆಸರಿದ್ದವರನ್ನು ಬಿಡಿಸುವಾಗ ಎಲ್ಲವನ್ನೂ ಕಾಯಿದೆಯಂತೆ ಕೊಟ್ಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಕೊಪ್ಪಳದ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿಸಿದೆ. ‘ಮಿಲ್ಲಿನಾಗ ದುಡಿದೀನಿ ಅಂತ ಅಷ್ಟ ಹೇಳ್ರಿ. ಸಾಕ್ಷಿ ನಾ ಹೇಳ್ತೀನಿ’ ಎಂದೆ. ನನ್ನ ನೌಕರಿ ಹೋದರೆ ಹೋಗಲಿ ಎಂದುಕೊಂಡಿದ್ದೆ.

ವಿಚಾರಣೆಯ ದಿನ ಸಾಹುಕಾರರೇ ಬಂದರು. ‘ನಾಷ್ಟಾ ಆತೇನು ಚಾಚಾ?’ ಎಂದು ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಅಧಿಕಾರಿಗೆ, ‘ಇವರು ಕೆಲಸದವರಲ್ರಿ, ನಮ್ಮ ಮನಿ ಮನುಷ್ಯಾ’ ಎಂದರು.

‘ಹೌದೇನ್ರಿ?’ ಅಧಿಕಾರಿ ಚಾಚಾರನ್ನು ಕೇಳಿದರು. ‘ವಿಚಾರ ಮಾಡಿ ಹೇಳ್ರಿ. ನೀವು ಇವರ ಕೆಲಸಗಾರರಾ?’

ಚಾಚಾ ನನ್ನ ಕಡೆ ನೋಡಲಿಲ್ಲ. ‘ಮಾಲಕ್ ಹೇಳಿದ್ದು ಖರೇ ಐತ್ರಿ ಸಾಹೇಬ್ರ’ ಎಂದುಬಿಟ್ಟರು.

ಅಲ್ಲಿಗೆ ಮುಗಿಯಿತು. ಹೊರಗೆ ಬಂದು ನಾನು ಕೂಗಾಡಿದೆ. ‘ಬುದ್ಧಿ ಐತೇನ್ರಿ ನಿಮಗ?’

‘ನಾಕ್ ಮಂದಿ ಮುಂದ ಅವರ ಮಾತ ಸುಳ್ಳು ಮಾಡ್ಲೇನು ಬೇಟಿ?’

ಸಾಹುಕಾರರ ಕಾರು ನಮ್ಮ ಮುಂದೆಯೇ ಹೋಯಿತು. ನಾವು ಬಸ್ಸಿಗೆ ಕಾದೆವು.

ಮುಂದೆ ಅವರು ದಿನಾ ಮುಂಜಾನೆ ಮಿಲ್ಲಿನ ಗೇಟಿಗೆ ಬಂದು ಚಿಮಣಿಯ ಹೊಗೆ ನೋಡುತ್ತ ನಿಲ್ಲುತ್ತಿದ್ದರು. ಹೊಸ ವಾಚ್‌ಮನ್ ಒಳಗೆ ಬಿಡುತ್ತಿರಲಿಲ್ಲ. ಒಂದು ದಿನ ಬರಲಿಲ್ಲ. ಎದೆನೋವೆಂದು ಮಲಗಿದವರು ಏಳಲೇ ಇಲ್ಲ.

ಮಣ್ಣಿಗೆ ಒಯ್ಯುವ ಹೊತ್ತಾದರೂ ಚಾಚಿ, ‘ಮಾಲಕರ ಮನಿಯವ್ರು ಬರ್ತಾರ, ಜರಾ ತಡೀರಿ’ ಎಂದು ಎಲ್ಲರನ್ನೂ ನಿಲ್ಲಿಸಿದರು. ನಾನು ಸಾಹುಕಾರರ ಮನೆಗೆ ಓಡಿದೆ. ಬಾಗಿಲಿಗೆ ಬಂದ ಮಗ ಸುದ್ದಿ ಕೇಳಿ ಒಳಗೆ ತಿರುಗಿ ಕೂಗಿದ: ‘ಅಪ್ಪಾ, ಬಾಯ್ಲರ್ ಕೆಲಸದವ ಸತ್ತನಂತ.’

ಕೆಲಸದವ! ಈ ಮಾತನ್ನು ಕೊಪ್ಪಳದಲ್ಲಿ ಆಡಲು ಇವರಿಗೆ ಏನಾಗಿತ್ತು ಧಾಡಿ? ಒಳಗಿನಿಂದ ಯಾರೂ ಎದ್ದು ಬರಲಿಲ್ಲ. ನಾನು ಒಬ್ಬಳೇ ಹಿಂದಿರುಗಿದೆ.

ಚಾಚಿ ನನ್ನ ಬೆನ್ನ ಹಿಂದೆ ನೋಡಿದರು.

‘ಎಲ್ಲಾರೂ ಪರಊರಿಗೆ ಹೋಗ್ಯಾರಂತ್ರಿ ಚಾಚಿ’ ಎಂದೆ. ‘ಫೋನಿನ್ಯಾಗ ಭಾಳ ಅತ್ರು.’

‘ಅಳ್ದ ಇರ್ತಾರೇನು ಬೇಟಿ? ಅವರ ಮನಿ ಮನುಷ್ಯಾ ಅಲ್ಲೇನು’ ಎಂದು ಚಾಚಿ ಕಣ್ಣೊರೆಸಿಕೊಂಡು, ಇನ್ನು ಒಯ್ಯಿರೆಂದು ಕೈಸನ್ನೆ ಮಾಡಿದರು.