ಗಾಜಿನಕ್ಕ ಮತ್ತು ತೊಂಬತ್ತೆಂಟು

ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಗಾಜಿನ ಪಾತ್ರೆ ತೊಳೆದವಳಿಗೆ ಗಾಜಿನಕ್ಕ ಎಂದೇ ಹೆಸರು. ಅವಳು ತೊಳೆದ ಫ್ಲಾಸ್ಕಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅಲ್ಲಿನ ಪ್ರೊಫೆಸರಿಗೆ ಅವಳು ಇಟ್ಟ ಹೆಸರು ತೊಂಬತ್ತೆಂಟು. ಯಾವ ಪ್ರಯೋಗವಾದರೂ ಆತನ ಬಾಯಲ್ಲಿ ನೂರಕ್ಕೆ ತೊಂಬತ್ತೆಂಟು ಇಳುವರಿ. ಉಳಿದೆರಡು ವಿನಯಕ್ಕೆ ಬಿಟ್ಟದ್ದು.

ಆತನ ಹೆಮ್ಮೆಯೆಲ್ಲ ಶಿಫ್ ಬೇಸ್ ಎಂಬ ಒಂದು ಸಂಯುಕ್ತ. ಆಲ್ಡಿಹೈಡನ್ನೂ ಅಮೀನನ್ನೂ ಸ್ಪಿರಿಟ್ಟಿನಲ್ಲಿ ಕುದಿಸಿದರೆ ಹಳದಿ ಹರಳು. ಅದು ಏಡಿಯ ಹಾಗೆ ತಾಮ್ರವನ್ನು ಕಚ್ಚಿ ಹಿಡಿದರೆ ಹಸಿರು ಪುಡಿ. ಒಂದು ಚಿಟಿಕೆ ಬಿದ್ದರೆ ಸಾಕು, ಜನ್ಮದಲ್ಲಿ ಕೂಡದ ಅಣುಗಳೂ ಕೂಡುತ್ತವೆ ಎಂದು ಊರೂರು ತಿರುಗಿ ಭಾಷಣ ಬಿಗಿದಿದ್ದ.

ಒಂದು ಸೋಮವಾರ ಗಾಜಿನಕ್ಕ, ಫ್ಲಾಸ್ಕಿನೊಳಗೆ ತಿರುಗಿ ಕಲಕುವ ಗುಳಿಗೆಯಂಥ ಮ್ಯಾಗ್ನೆಟ್ಟುಗಳು ಕಪ್ಪು ಹಿಡಿದಿವೆಯೆಂದು ತೆಗೆದಿಟ್ಟು ಹೊಸವುಗಳನ್ನು ಹಾಕಿದಳು. ಅಂದಿನಿಂದ ಇಳುವರಿ ಸೊನ್ನೆ.

"ಸೋಪು ಸರಿಯಾಗಿ ತೊಳೆದಿಲ್ಲ ನೀನು," ಎಂದ ತೊಂಬತ್ತೆಂಟು. "ಶುಕ್ರವಾರದೊಳಗೆ ಸರಿಹೋಗದಿದ್ರೆ ಬೇರೆಯವರನ್ನ ಇಟ್ಕೋತೀನಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವಳು ಗೊಣಗಿದ್ದು ಆತನ ಕೈಕೆಳಗೆ ಪ್ರಯೋಗ ಮಾಡುವ ಸಂಶೋಧನೆಯ ಹುಡುಗಿಗಷ್ಟೇ ಕೇಳಿಸಿತು.

ಆ ಮ್ಯಾಗ್ನೆಟ್ಟುಗಳನ್ನು ಹಿಂದಿನ ತಂಡದವರು ಅಣುಗಳನ್ನು ಕೂಡಿಸುವ ಪಲ್ಲಾಡಿಯಂ ಎಂಬ ದುಬಾರಿ ಲೋಹದೊಂದಿಗೆ ವರ್ಷಗಟ್ಟಲೆ ಓಡಿಸಿದ್ದರು. ಆ ಕಪ್ಪು ಯಾವ ಆಸಿಡ್ಡಿಗೂ ಹೋಗಿರಲಿಲ್ಲ. ಇದು ತೊಳೆದ ಕೈಗೆ ಗೊತ್ತು, ಭಾಷಣ ಮಾಡಿದ ಬಾಯಿಗೆ ಗೊತ್ತಿಲ್ಲ.

"ಮಗಳೇ, ಹಸಿರು ಪುಡಿ ಹಾಕ್ಬೇಡ. ಹಳೇ ಮ್ಯಾಗ್ನೆಟ್ ಒಂದನ್ನೇ ಬಿಟ್ಟು ಕುದಿಸು."

"ಪುಡಿ ಇಲ್ದೆ ಹೇಗಕ್ಕಾ?"

"ಹೆಪ್ಪು ಹಾಕದೇನೇ ಹಾಲು ಮೊಸರಾದ್ರೆ, ಹೆಪ್ಪು ಪಾತ್ರೆಗೇ ಅಂಟಿತ್ತು ಅಂತ ತಾನೇ?"

ಕುದಿಸಿದಳು. ತೊಂಬತ್ತಾರು ಬಂತು.

ಶುಕ್ರವಾರ ಹುಡುಗಿ ಆ ಫಲಿತಾಂಶ ಬರೆದ ಹಾಳೆಯನ್ನು ಆತನ ಮೇಜಿನ ಮೇಲಿಟ್ಟಳು. ತೊಂಬತ್ತೆಂಟು ಓದಿದ, ಕನ್ನಡಕ ಒರೆಸಿದ, ಮತ್ತೆ ಓದಿದ. ನಾಲ್ಕು ವರ್ಷದ ಕೀರ್ತಿ ತನ್ನ ಪುಡಿಯದಲ್ಲ, ಯಾರದೋ ಕೊಳೆಯದು ಎಂಬುದು ಮುಖದಲ್ಲಿ ಇಳಿಯಿತು. ನಾಚುತ್ತಾನೆಂದು ಗಾಜಿನಕ್ಕ ಕಾದಳು. ಆ ಇಳುವರಿಯೂ ಸೊನ್ನೆ.

"ಹಳೇ ಮ್ಯಾಗ್ನೆಟ್ಟುಗಳನ್ನೇ ತಂದಿಡಮ್ಮ," ಎಂದ ಮೆಲ್ಲಗೆ.

"ತೊಳೆದು ತರ್ಲಾ ಸಾರ್, ತೊಳೆಯದೇನೇ ತರ್ಲಾ?"



ಕೆಲಸ ಹೋಗಲಿಲ್ಲ. ಕಳಿಸಿದರೆ ಹೊರಗೆ ಬಾಯಿ ಬಿಟ್ಟಾಳೆಂಬ ಭಯ. ಅಂದಿನಿಂದ ಅವಳ ನಿವೃತ್ತಿಯವರೆಗೂ ಆತ ಅವಳನ್ನು ಬಹುವಚನದಲ್ಲೇ ಮಾತಾಡಿಸಿದ. ಅದನ್ನು ಮರ್ಯಾದೆ ಎಂದು ತಿಳಿಯುವಷ್ಟು ದಡ್ಡಿಯಾಗಿರಲಿಲ್ಲ ಗಾಜಿನಕ್ಕ.